ಮನೆಗೆ ಎರಡನೇ ಬೆಕ್ಕು ಬಂದಾಗ

ಪ್ರಶ್ನೆ: ನಮ್ಮದು ವಿಜಯಪುರ, ಗೋಳಗುಮ್ಮಟದ ಹತ್ತಿರ ಎರಡು ಕೋಣೆ, ಒಂದು ಪಡಸಾಲೆಯ ಮನೆ. ಐದು ವರ್ಷದ ಹೆಣ್ಣು ಬೆಕ್ಕು ಚಿನ್ನಿ ಇದೆ. ಹೋದ ವಾರ ಮಗ ಬೀದಿಯಿಂದ ಒಂದು ಗಂಡು ಮರಿ ಎತ್ತಿಕೊಂಡು ಬಂದ. ಗೆಳೆತನ ಆಗಲಿ ಅಂತ ಅಂದೇ ಎದುರುಬದುರು ಬಿಟ್ಟೆವು. ಚಿನ್ನಿ ಬಾಲ ಉಬ್ಬಿಸಿ, ಮರಿಯ ಮೂಗು ಪರಚಿತು. ಈಗ ಕಪಾಟಿನ ಮೇಲಿಂದ ಇಳಿಯೋದೇ ಕಡಿಮೆ. ನಮ್ಮ ಕೌದಿ ಮೇಲೆ ಉಚ್ಚೆ ಹೊಯ್ಯುತ್ತಿದೆ. ಮರಿಯನ್ನು ವಾಪಸ್ ಬಿಟ್ಟು ಬರಬೇಕಾ?

ಉತ್ತರ: ಬೇಡ. ಇಬ್ಬರನ್ನೂ ಬೇರೆ ಮಾಡಿ, ಮೊದಲಿಂದ ಶುರು ಮಾಡಿ.

ಚಿನ್ನಿಗೆ ಹೊಟ್ಟೆಕಿಚ್ಚು ಅಂತ ಅಂದುಕೊಳ್ಳಬೇಡಿ. ಬೆಕ್ಕು ತನ್ನ ಮನೆಯನ್ನು ವಾಸನೆಯಿಂದ ಗುರುತಿಸುತ್ತದೆ. ಬಾಗಿಲ ಚೌಕಟ್ಟಿಗೆ, ನಿಮ್ಮ ಕಾಲಿಗೆ ಕೆನ್ನೆ ಉಜ್ಜುತ್ತದಲ್ಲ, ಅದು ತನ್ನ ವಾಸನೆ ಹಚ್ಚುವ ಕೆಲಸ. ಅಂಥ ಮನೆಯ ನಡುವೆ ಒಮ್ಮೆಲೇ ಪರಕೀಯ ವಾಸನೆ ಬಂದು ಕೂತಿತು. ಹೆದರಿಕೆ ಆಗದೆ ಇನ್ನೇನು?

ಮರಿಗೆ ಒಂದು ಕೋಣೆ ಕೊಟ್ಟು ಬಾಗಿಲು ಹಾಕಿ. ಬೇಸಿಗೆಯಾದರೆ ಪತ್ರಾಸಿನ (ತಗಡಿನ ಚಾವಣಿಯ) ಕೋಣೆ ಮಾತ್ರ ಬೇಡ, ನಮ್ಮೂರಿನ ಬಿಸಿಲು ನಿಮಗೇ ಗೊತ್ತು. ಬೀದಿಯ ಮರಿ ಆದ್ದರಿಂದ ಎರಡು ವಾರ ಹೀಗೆ ಇಡೋದು ರೋಗದ ದೃಷ್ಟಿಯಿಂದಲೂ ಒಳ್ಳೆಯದು. ಪ್ಯಾನ್‌ಲ್ಯೂಕೋಪೇನಿಯಾ ಅನ್ನುವ ವಾಂತಿಭೇದಿಯ ವೈರಸ್ ಮರಿಗಳನ್ನು ಎರಡು-ಮೂರು ದಿನದಲ್ಲೇ ಕೊಲ್ಲಬಲ್ಲದು. ಮರಿಗೆ 6ರಿಂದ 8 ವಾರಕ್ಕೆ ಮೊದಲ ಲಸಿಕೆ, ಆಮೇಲೆ 16 ವಾರ ತುಂಬುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ. ಚಿನ್ನಿಯ ಲಸಿಕೆ ಬಾಕಿ ಇದ್ದರೆ ಅದನ್ನೂ ಹಾಕಿಸಿ.

ಇನ್ನು ಒಬ್ಬರ ವಾಸನೆ ಇನ್ನೊಬ್ಬರಿಗೆ ರೂಢಿ ಮಾಡಿಸಬೇಕು. ಹಳೇ ಕೌದಿಯ ಎರಡು ತುಂಡು ತೆಗೆದುಕೊಳ್ಳಿ, ಒಂದೊಂದರ ಮೇಲೆ ಒಂದೊಂದು ಬೆಕ್ಕು ಮಲಗಲಿ. ಮರಿ ಆರೋಗ್ಯವಾಗಿದೆ ಅಂತ ಡಾಕ್ಟರ್ ಹೇಳಿದ ಮೇಲೆ ತುಂಡು ಅದಲುಬದಲು ಮಾಡಿ. ಚಿನ್ನಿ ಮೂಸಿ ಗುರ್ ಅಂದರೆ ಬಿಡಿ, ನಾಳೆ ನೋಡೋಣ. ಮೂಸಿ ಸುಮ್ನೆ ಹೋಯಿತೋ, ಅರ್ಧ ಕೆಲಸ ಆಯಿತು. ಆಗ ಮುಚ್ಚಿದ ಬಾಗಿಲ ಆಚೆ ಈಚೆ ಇಬ್ಬರಿಗೂ ಊಟ ಇಡಿ. ಮೊದಲು ಬಟ್ಟಲು ದೂರ ಇರಲಿ, ದಿನಾ ಒಂದು ಗೇಣು ಹತ್ತಿರ ಮಾಡಿ. ಆ ವಾಸನೆ ಬಂದರೆ ಊಟ ಬರುತ್ತದೆ ಅಂತ ಚಿನ್ನಿಗೆ ಗೊತ್ತಾಗಬೇಕು. ಮುಖ ನೋಡಿಸೋದು ಕಡೆಗೆ, ಅದೂ ಬಾಗಿಲ ಸಂದಿಯಿಂದ, ಐದು ನಿಮಿಷ. ಒಂದು ತಿಂಗಳೂ ಹಿಡಿಯಬಹುದು, ಜಾಸ್ತಿಯೂ ಆಗಬಹುದು. ಜೊತೆಗೇ ಮಲಗಬೇಕು ಅಂತ ಆಸೆ ಇಟ್ಟುಕೊಳ್ಳಬೇಡಿ. ಒಂದೇ ಪಡಸಾಲೆಯಲ್ಲಿ ಜಗಳವಿಲ್ಲದೆ ಇದ್ದರೆ ಸಾಕಲ್ವಾ?

ಜಗಳ ಬಿದ್ದರೆ ನಡುವೆ ಕೈ ಹಾಕಬೇಡಿ, ದಿಂಬು ಅಡ್ಡ ಹಿಡಿಯಿರಿ. ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ರೇಬೀಸ್ ಚುಚ್ಚುಮದ್ದಿಗೆ ಅವತ್ತೇ ಹೋಗಿ.

ಚಿನ್ನಿಗೆ ಸಂತಾನಹರಣ ಆಪರೇಶನ್ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗದಿದ್ದರೆ ಈಗಲೇ ಮಾಡಿಸಿ. ಇವತ್ತಿನ ಮರಿ ಆರು ತಿಂಗಳಿಗೆ ಗಂಡಾಗಿ ನಿಲ್ಲುತ್ತದೆ, ಆಮೇಲೆ ನಿಮ್ಮ ಪ್ರಶ್ನೆ ಎರಡು ಬೆಕ್ಕಿನದು ಆಗಿರುವುದಿಲ್ಲ.

ಉಚ್ಚೆ ವಿಷಯಕ್ಕೆ ಬರೋಣ. ಅದು ಸೇಡಲ್ಲ, ಗಾಬರಿ ಇರಬಹುದು. ಎರಡು ಬೆಕ್ಕಿಗೆ ಉಚ್ಚೆ ಹೊಯ್ಯೋಕೆ ಮಣ್ಣು ತುಂಬಿದ ಮೂರು ತಟ್ಟೆ ಬೇಕು, ಬೇರೆ ಬೇರೆ ಕಡೆ. ಆದರೆ ಚಿನ್ನಿ ತಿಣುಕಿ ಹನಿಹನಿ ಹೊಯ್ದರೆ, ರಕ್ತ ಕಂಡರೆ ಕಾಯಬೇಡಿ, ದನದ ದವಾಖಾನೆಗೆ ಹೊರಡಿ. ಕೌದಿಯನ್ನು ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಫಿನೈಲ್ ಮುಟ್ಟಿಸಬೇಡಿ, ಬೆಕ್ಕು ಮೈ ನೆಕ್ಕಿಕೊಳ್ಳುವಾಗ ಅದು ಹೊಟ್ಟೆಗೆ ಹೋದರೆ ವಿಷ.