ದಕ್ಷಿಣ ವಿಯೆಟ್ನಾಂನಲ್ಲಿ ಕಮ್ಯುನಿಸ್ಟರನ್ನು ಅಷ್ಟು ಕಠಿಣವಾಗಿ ದಮನ ಮಾಡಿದರೂ ಬಂಡಾಯ ಹೆಚ್ಚಿದ್ದೇಕೆ?

ಕಮ್ಯುನಿಸ್ಟರ ಜೊತೆಗೆ ಕಮ್ಯುನಿಸ್ಟರಲ್ಲದವರೂ ಆ ಬಲೆಗೆ ಬಿದ್ದದ್ದರಿಂದ. ಅಧ್ಯಕ್ಷ ನ್ಗೋ ದಿನ್ ಜಿಯೆಮ್ 1955ರಲ್ಲಿ 'ಕಮ್ಯುನಿಸ್ಟರನ್ನು ಬಯಲಿಗೆಳೆಯಿರಿ' ಎಂಬ ಅಭಿಯಾನ ಶುರುಮಾಡಿದರು. ಗುರಿಯಾದವರು ಮುಖ್ಯವಾಗಿ ವಿಯೆಟ್ ಮಿನ್ಹ್ ಜನ, ಅಂದರೆ ಫ್ರೆಂಚರ ವಿರುದ್ಧ ಹೋರಾಡಿದವರು. ಹಳ್ಳಿಗಳಲ್ಲಿ ಇವರಿಗೆ ದೇಶಭಕ್ತರೆಂಬ ಗೌರವವಿತ್ತು, ಅನೇಕರು ಪಕ್ಷದ ಸದಸ್ಯರೂ ಆಗಿರಲಿಲ್ಲ. ಯುದ್ಧಕಾಲದ ನಡೆಗಾಗಿ ಯಾರ ಮೇಲೂ ಸೇಡು ತೀರಿಸಿಕೊಳ್ಳಬಾರದೆಂದು, ಫ್ರೆಂಚರೊಂದಿಗಿನ ಆ ಯುದ್ಧವನ್ನು ಮುಗಿಸಿದ 1954ರ ಜಿನೀವಾ ಒಪ್ಪಂದ ಹೇಳಿತ್ತು. ಆದರೆ ಜಿಯೆಮ್ ಸರ್ಕಾರ ಅದಕ್ಕೆ ಸಹಿ ಹಾಕಿರಲಿಲ್ಲ.

ನಿಜವಾದ ಎಡವಟ್ಟು ಆದದ್ದು ಊರಿನ ಮಟ್ಟದಲ್ಲಿ ಎನ್ನುವುದು ನನ್ನ ಅಭಿಪ್ರಾಯ. 1956ರಲ್ಲಿ ಹಳ್ಳಿಯ ಚುನಾಯಿತ ಮಂಡಳಿಗಳನ್ನು ರದ್ದುಮಾಡಿ, ಮೇಲಿನಿಂದ ಅಧಿಕಾರಿಗಳನ್ನು ನೇಮಿಸಲಾಯಿತು. ಯಾರು ಶಂಕಿತ ಎಂದು ತೀರ್ಮಾನಿಸುವವರು ಇವರೇ. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅದೇ ವರ್ಷದ ಸುಗ್ರೀವಾಜ್ಞೆಯೊಂದು ಅವಕಾಶ ಕೊಟ್ಟಿತ್ತು. ಹೀಗಾಗಿ ಹಳೆಯ ಜಗಳ, ಲಂಚದಾಸೆ ಎಲ್ಲಕ್ಕೂ 'ಕಮ್ಯುನಿಸ್ಟ್' ಹಣೆಪಟ್ಟಿ ಸಾಕಾಯಿತು. 1959ರ ಮೇ ತಿಂಗಳ 10/59 ಕಾನೂನಿನಡಿ ವಿಶೇಷ ಸೇನಾ ನ್ಯಾಯಾಲಯಗಳು ಬಂದವು. ಮರಣದಂಡನೆ ವಿಧಿಸಿದರೂ ಮೇಲ್ಮನವಿ ಇರಲಿಲ್ಲ.

ಪಕ್ಷಕ್ಕೆ ಪೆಟ್ಟು ಬಿದ್ದದ್ದೇನೋ ನಿಜ, ದಕ್ಷಿಣದಲ್ಲಿ ಅದು ಬಹುಮಟ್ಟಿಗೆ ನೆಲಕಚ್ಚಿತ್ತು. ಅಲ್ಲಿಯವರೆಗೆ ಆಯುಧ ಎತ್ತಬೇಡಿ ಎನ್ನುತ್ತಿದ್ದ ಹನೋಯ್ (ಉತ್ತರ ವಿಯೆಟ್ನಾಂನ ಕಮ್ಯುನಿಸ್ಟ್ ನಾಯಕತ್ವ), ಅಳಿದುಳಿದವರ ಒತ್ತಡಕ್ಕೆ ಮಣಿದು 1959ರ ಆರಂಭದಲ್ಲಿ ಸಶಸ್ತ್ರ ಹೋರಾಟಕ್ಕೆ ಒಪ್ಪಿತು. (ಉತ್ತರ ವಿಯೆಟ್ನಾಂ ಸರ್ಕಾರವೇನೂ ಸಾಧುವಲ್ಲ: ಅಲ್ಲಿನ ಭೂಸುಧಾರಣೆಯಲ್ಲಿ ಸಾವಿರಾರು ಜನ ಸತ್ತರು.) 1960ರ ಡಿಸೆಂಬರ್‌ನಲ್ಲಿ ದಕ್ಷಿಣದ ಬಂಡಾಯಗಾರರ ಸಂಘಟನೆಯಾದ ರಾಷ್ಟ್ರೀಯ ವಿಮೋಚನಾ ರಂಗ ಹುಟ್ಟಿದಾಗ, ಜಿಯೆಮ್ ಮೇಲೆ ಸಿಟ್ಟಿದ್ದ ಕಮ್ಯುನಿಸ್ಟೇತರರೂ ಅದನ್ನು ಸೇರಿದರು.