ಲ್ಯಾಪ್‌ಟಾಪ್ ಆನ್ ಆಗ್ತಿಲ್ಲವೇ? ಮೊದಲು ಇದನ್ನು ಮಾಡಿ ನೋಡಿ

ರಾತ್ರಿ ಚೆನ್ನಾಗಿದ್ದ ಲ್ಯಾಪ್‌ಟಾಪ್ ಬೆಳಿಗ್ಗೆ ಆನೇ ಆಗುತ್ತಿಲ್ಲ, ಚಾರ್ಜರ್ ಹಾಕಿದರೂ ಲೈಟ್ ಬರಲ್ಲ ಅಂದಿದ್ದೀರಿ ಅಲ್ವಾ? ಗಾಬರಿ ಬೇಡ. ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡ್) ಹೋಯ್ತು ಅಂತ ಈಗಲೇ ತೀರ್ಮಾನಿಸಬೇಡಿ.

ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ. ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿದುಹೋಗುತ್ತದೆ. ಆಮೇಲೆ ಬರೀ ಚಾರ್ಜರ್ ಹಾಕಿ ಆನ್ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಆಗಲಿಲ್ಲವಾ? ಅಡಾಪ್ಟರ್ ಮೇಲೆ ಚಿಕ್ಕ ಲೈಟ್ ಇದ್ದರೆ ಗಮನಿಸಿ. ಪ್ಲಗ್ ಹಾಕಿದಾಗ ಉರಿದು, ಪಿನ್ ಲ್ಯಾಪ್‌ಟಾಪ್‌ಗೆ ಚುಚ್ಚಿದ ತಕ್ಷಣ ಆರಿದರೆ ಒಳಗೆ ಶಾರ್ಟ್ ಆಗಿರುವ ಸಾಧ್ಯತೆ ಜಾಸ್ತಿ. ಸುಮ್ನೆ ಮತ್ತೆ ಮತ್ತೆ ಚುಚ್ಚಬೇಡಿ, ರಿಪೇರಿಗೆ ಕೊಡಿ. ಫೈಲ್‌ಗಳು ಸಾಮಾನ್ಯವಾಗಿ ಡಿಸ್ಕ್‌ನಲ್ಲಿ ಹಾಗೇ ಇರುತ್ತವೆ. ಫಾರ್ಮ್ಯಾಟ್ ಮಾಡಬೇಡಿ, ಅಂದರೆ ಡಿಸ್ಕ್ ಅಳಿಸಬೇಡಿ ಅಂತ ರಿಪೇರಿಯವರಿಗೆ ಮೊದಲೇ ಹೇಳಿಬಿಡಿ.