ಪದ್ಮಿನಿ ಕಾರಿನ ಎಂಜಿನ್ ವೈರಿಂಗನ್ನು ಮನೆಯಲ್ಲೇ ಹೊಸದಾಗಿ ಕಟ್ಟಬಹುದೇ?

ಕಟ್ಟಬಹುದು. ಪುಣೆಯಲ್ಲಿ ನನ್ನ ಪ್ರೀಮಿಯರ್ ಪದ್ಮಿನಿಗೆ ನಾನೇ ಕಟ್ಟಿದ್ದೇನೆ. ಹೂಮಾಲೆ ಕಟ್ಟುವವರ ತಾಳ್ಮೆಯೊಂದಿದ್ದರೆ ಸಾಕು.

ಹಳೆಯ ವೈರಿಂಗನ್ನು ಕತ್ತರಿಸಿ ಎಸೆಯಬೇಡಿ, ನಿಮಗಿರುವ ನಕ್ಷೆ ಅದೊಂದೇ. ಪ್ರತಿ ತುದಿಗೂ ಚೀಟಿ ಕಟ್ಟಿ, ಇಡಿಯಾಗಿ ಹೊರತೆಗೆದು ಪ್ಲೈವುಡ್ ಹಲಗೆಯ ಮೇಲೆ ಹರಡಿ. ಕವಲೊಡೆಯುವ ಕಡೆಯಲ್ಲೆಲ್ಲ ಮೊಳೆ ಹೊಡೆದು ಹೊಸ ತಂತಿಗಳನ್ನು ಅದೇ ಜಾಡಿನಲ್ಲಿ ಹಾಯಿಸಿ. ಉದ್ದ ತಪ್ಪುವುದಿಲ್ಲ.

ತಂತಿಯ ವಿಷಯದಲ್ಲಿ ಜಿಪುಣತನ ಬೇಡ. ಮನೆಯ ವೈರಿಂಗಿನ ಸಾಮಾನ್ಯ ಪಿವಿಸಿ ತಂತಿ ಸುಮಾರು 70 ಡಿಗ್ರಿ ಶಾಖಕ್ಕಷ್ಟೇ ಸರಿ, ಎಂಜಿನ್ ಪಕ್ಕದಲ್ಲಿ ಬಾಳುವುದಿಲ್ಲ. ಪುಣೆಯ ನಾನಾ ಪೇಠೆ ಎಂಬ ಬಡಾವಣೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಾಹನಕ್ಕೆಂದೇ ಮಾಡಿದ, ಸಣ್ಣ ಎಳೆಗಳು ಹೆಚ್ಚಿರುವ ತಂತಿಯನ್ನು ಕೇಳಿ. ಆಯಿಲ್ ಒತ್ತಡ, ತಾಪಮಾನದ ಸೆನ್ಸರುಗಳಿಗೆ 1 ಚದರ ಮಿಲಿಮೀಟರ್ ಧಾರಾಳವಾಯಿತು. ಆಲ್ಟರ್ನೇಟರಿನ ಚಾರ್ಜಿಂಗ್ ತಂತಿಗೆ ನಾನು 6 ಹಾಕಿದೆ.

ತುದಿಗಳಿಗೆ ಬೆಸುಗೆಗಿಂತ, ಲೋಹದ ತುದಿಯನ್ನು ತಂತಿಗೆ ಒತ್ತಿ ಬಿಗಿಯುವ ಒಳ್ಳೆಯ ಕ್ರಿಂಪಿಂಗ್ ಇಕ್ಕಳವೇ ಮೇಲು. ಬೆಸುಗೆ ಇಳಿದ ಕಡೆ ತಂತಿ ಬಗ್ಗದಂತೆ ಗಟ್ಟಿಯಾಗಿ, ಅದುರಿ ಅದುರಿ ಅಲ್ಲಿಯೇ ತುಂಡಾಗುತ್ತದೆ. ತಂತಿಗಳನ್ನು ಸುತ್ತುವುದಕ್ಕೆ ಬಟ್ಟೆಯ ಟೇಪ್ ಬಳಸಿ. ಅಗ್ಗದ ಕರಿ ಟೇಪ್ ಶಾಖಕ್ಕೆ ಅಂಟಂಟಾಗಿ ಬಿಚ್ಚಿಕೊಳ್ಳುತ್ತದೆ.

ಬಹಳಷ್ಟು ಜನ ಮರೆಯುವುದು ಅರ್ಥಿಂಗ್ ಪಟ್ಟಿಯನ್ನು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಹಾಗಾಗಿ ಬಾಡಿಗೂ ಎಂಜಿನ್‌ಗೂ ದಪ್ಪ ತಾಮ್ರದ ಪಟ್ಟಿ ಬೇಕೇ ಬೇಕು. ಇಲ್ಲದಿದ್ದರೆ ಸ್ಟಾರ್ಟರಿನ ಕರೆಂಟು ಚೋಕ್ ಕೇಬಲ್ಲಿನ ಮೂಲಕ ದಾರಿ ಹುಡುಕಿಕೊಂಡು ಅದನ್ನು ಕಾಯಿಸಿಬಿಡುತ್ತದೆ.

ಮೊದಲ ಸಲ ಬ್ಯಾಟರಿ ಜೋಡಿಸುವಾಗ ಎಲ್ಲ ಸ್ವಿಚ್ಚುಗಳನ್ನೂ ಆಫ್ ಮಾಡಿ, ಬ್ಯಾಟರಿಗೂ ವೈರಿಂಗಿಗೂ ನಡುವೆ 12 ವೋಲ್ಟಿನ ಬಲ್ಬೊಂದನ್ನು ಸರಣಿಯಲ್ಲಿಡಿ. ಅದು ಪ್ರಖರವಾಗಿ ಬೆಳಗಿದರೆ ಎಲ್ಲೋ ಶಾರ್ಟ್ ಇದೆ.